ಹತ್ತಡಿ ಕಯಾಕ್, ಒಂದು ಹಗ್ಗ, ಎರಡು ರಾಟೆ: ಬಾಸ್ ಮೀನು ಹಿಡಿಯುವ ಅಗ್ಗದ ಸರಂಜಾಮಿನ ಬಗ್ಗೆ

ಈ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಈ ಸಣ್ಣ ದೋಣಿ, ಒಂದು ಕಡೆ ನಿಲ್ಲುವುದಿಲ್ಲ. ಉಳಿದ ದೂರುಗಳೆಲ್ಲ ಸಣ್ಣವು, ಇದು ದೊಡ್ಡದು. ಕೊಳ್ಳುವ ಮುಂಚೆ ಓದುವ ವಿವರದಲ್ಲಿ ಉದ್ದ, ಅಗಲ, ಹೊರುವ ಭಾರ, ಗಾಳದ ರಾಡ್ ಸಿಕ್ಕಿಸುವ ಹೋಲ್ಡರ್ ಎಷ್ಟು ಎಂಬುದೆಲ್ಲ ಇರುತ್ತದೆ. ಸಣ್ಣ ಗಾಳಿ ಬೀಸಿದರೆ ಇದು ಯಾವ ಕಡೆ ಮುಖ ತಿರುಗಿಸುತ್ತದೆ ಅನ್ನುವುದು ಮಾತ್ರ ಇರುವುದಿಲ್ಲ. ಬಾಸ್ ಮೀನಿನ ಹಿಂದೆ ಹೋಗುವವರಿಗೆ ಮೊದಲು ಗೊತ್ತಾಗಬೇಕಾದದ್ದು ಅದೇ ಅಲ್ವಾ?

ನನ್ನದು 10 ಅಡಿಯ ಸಿಟ್-ಆನ್-ಟಾಪ್, ಒಡಲಿನೊಳಗಲ್ಲ, ಅದರ ಮೇಲೆ ಕೂರುವಂಥದ್ದು. ಕಡಿಮೆ ದುಡ್ಡಿಗೆ ಸಿಗುವ ಫಿಶಿಂಗ್ ಕಯಾಕ್ ಅಂದರೆ ಬಹುಪಾಲು ಇದೇ: ಒಂದೇ ಎರಕದ ಪಾಲಿಎಥಿಲೀನ್ ಒಡಲು, ಚಪ್ಪಟೆ ತಳ, ಬೆನ್ನಿಗೊಂದು ತೆಳ್ಳನೆ ದಿಂಬು, ಹಿಂದೆ ಸಾಮಾನು ಇಡಲು ಒಂದು ಹಳ್ಳ. ಕಂಪನಿಯ ಹೆಸರು ಬರೆದು ಪ್ರಯೋಜನವಿಲ್ಲ. ಈ ದರ್ಜೆಯಲ್ಲಿ ಸ್ಟಿಕ್ಕರ್ ಬದಲಾಗುತ್ತದೆ, ದೋಣಿ ಅಷ್ಟಾಗಿ ಬದಲಾಗುವುದಿಲ್ಲ. 12 ಅಡಿಯದ್ದು ಇದಕ್ಕಿಂತ ನೆಟ್ಟಗೆ ಹೋಗುತ್ತದೆ, ಬೇಗ ಹೋಗುತ್ತದೆ ಅಂತ ಗೊತ್ತಿದ್ದೇ ಇದನ್ನು ಆರಿಸಿದೆ. ನಾನು ಒಬ್ಬಳೇ ಹೋಗುವವಳು. ಒಬ್ಬಳೇ ಕಾರಿನ ಮೇಲೆ ಎತ್ತಿಡಬೇಕು, ಒಬ್ಬಳೇ ಇಳಿಸಬೇಕು. ಎರಡು ಅಡಿ ಹೆಚ್ಚಾದರೆ ಬರುವ ತೂಕ ನನ್ನ ಭುಜಕ್ಕೆ ಜಾಸ್ತಿ. ಕಾಲಲ್ಲಿ ತುಳಿಯುವ ಪೆಡಲ್ ಕಯಾಕ್ ಆಸೆ ಯಾರಿಗಿಲ್ಲ? ಅದರ ಬೆಲೆಗೆ ಇಂಥವು ಹಲವು ಬರುತ್ತವೆ.

ಈಗ ಗಾಳಿಯ ವಿಷಯ. ಇಂಥ ಕಯಾಕ್‌ನಲ್ಲಿ ನೀರಿನ ಕೆಳಗಿರುವುದು ಕೆಲವೇ ಅಂಗುಲ. ನೀರಿನ ಮೇಲೆ ನಾನು, ನನ್ನ ಬೆನ್ನು, ಹಿಂದೆ ಕ್ರೇಟು, ಅದರಲ್ಲಿ ನೆಟ್ಟಗೆ ನಿಂತ ರಾಡುಗಳು. ಅಲುಗಾಡದೆ ಕೂರಲು ಅನುಕೂಲವಾಗುವ ಅಗಲ ಮತ್ತು ಚಪ್ಪಟೆ ತಳವೇ ಗಾಳಿಗೆ ಜಾರಲೂ ಕಾರಣ. ತಳ ನೀರನ್ನು ಹಿಡಿದುಕೊಳ್ಳುವುದಿಲ್ಲ. ಗಾಳ ಎಸೆದಾಗ ದೋಣಿಯ ಮೂತಿ ಒಂದಿಷ್ಟು ತಿರುಗುತ್ತದೆ. ಎಳೆದಾಗ ಆಳಕ್ಕೆ ಹೋಗುವ ಕ್ರ್ಯಾಂಕ್‌ಬೇಟ್ ಎಂಬ ಲೂರ್ (ಕೃತಕ ಎರೆ) ಎಳೆದುಕೊಂಡರೆ ಅದು ನನ್ನ ಹತ್ತಿರ ಬರುವ ಹಾಗೆಯೇ ನಾನೂ ಲೂರ್ ಹತ್ತಿರ ಹೋಗುತ್ತೇನೆ. ಎಲ್ಲ ಸರಿ ಮಾಡಿಕೊಂಡು ಮತ್ತೆ ಎಸೆಯುವಷ್ಟರಲ್ಲಿ ಜೊಂಡಿನೊಳಗೆ ನುಗ್ಗಿರುತ್ತೇನೆ.

ಬೇರೆ ಮೀನಿಗಾದರೆ ತೇಲಿಕೊಂಡು ಹೋಗುತ್ತಾ ಹಿಡಿಯಬಹುದು. ಬಾಸ್ ಹಾಗಲ್ಲ. ಬಿದ್ದ ಮರದ ನೆರಳಲ್ಲೋ, ಗಿಡಗಂಟಿಯ ಅಂಚಲ್ಲೋ ಅವಿತು ಕೂತು ಹತ್ತಿರ ಬಂದದ್ದನ್ನು ಗಬಕ್ಕನೆ ಹಿಡಿಯುವ ಮೀನು. ಅದರ ಮೂತಿಯಿಂದ ಒಂದೆರಡು ಅಡಿ ಆಚೆ ಬಿದ್ದ ಲೂರ್‌ಗೆ ಎಷ್ಟೋ ಸಲ ಎದ್ದು ಬರುವುದೇ ಇಲ್ಲ. ಅದೇ ಕೊರಡಿಗೆ, ಅದೇ ಸಂದಿಗೆ, ಬೇರೆ ಬೇರೆ ಕೋನದಿಂದ ಮತ್ತೆ ಮತ್ತೆ ಎಸೆಯಬೇಕು. ಅದಕ್ಕೆ ದೋಣಿ ನಿಲ್ಲಬೇಕು. ಮೊದಮೊದಲು ನಾನು ಮೀನು ಹಿಡಿದದ್ದಕ್ಕಿಂತ ಹುಟ್ಟು ಹಾಕಿದ್ದೇ ಹೆಚ್ಚು. ಒಂದು ಕೈಯಲ್ಲಿ ರಾಡ್, ಇನ್ನೊಂದು ಕೈಯಲ್ಲಿ ಪ್ಯಾಡಲ್, ಬಾಯಲ್ಲಿ ಬೈಗುಳ. ಆಗಲೇ ಈ ವಿಮರ್ಶೆ ಬರೆದಿದ್ದರೆ "ಕೊಳ್ಳಬೇಡಿ" ಎಂಬ ಒಂದೇ ಸಾಲು ಇರುತ್ತಿತ್ತು.

ದೋಣಿಯ ಜೊತೆ ಒಂದು ಮಡಚುವ ಲಂಗರೂ ಕೊಂಡಿದ್ದೆ, ನಾಲ್ಕು ಕೊಕ್ಕೆಯದ್ದು, ಒಂದೂವರೆ ಕಿಲೋ. ಅದರ ಹಗ್ಗವನ್ನು ಸೀಟಿನ ಪಕ್ಕದ ಹಿಡಿಗೆ ಕಟ್ಟಿದರೆ ದೋಣಿ ಗಾಳಿಗೆ ಅಡ್ಡಲಾಗಿ ನಿಲ್ಲುತ್ತದೆ. ಅಲೆಗಳು ಪಕ್ಕಕ್ಕೆ ಬಡಿಯುತ್ತವೆ, ಲಂಗರು ಜಗ್ಗುತ್ತದೆ, ನೀರು ಒಳಗೆ ಬರುತ್ತದೆ. ಹರಿಯುವ ನೀರಿನಲ್ಲಂತೂ ನಡುವಿಗೆ ಲಂಗರು ಕಟ್ಟುವುದು ದೋಣಿ ಮಗುಚಲು ಸುಲಭದ ದಾರಿ. ಹಗ್ಗ ಯಾವತ್ತೂ ಮೂತಿಯ ತುದಿಯಿಂದಲೋ ಹಿಂದಿನ ತುದಿಯಿಂದಲೋ ಹೊರಡಬೇಕು. ಆದರೆ ಕಯಾಕ್‌ನಲ್ಲಿ ಕೂತವರ ಕೈ ಎರಡೂ ತುದಿಗೆ ಎಟುಕುವುದಿಲ್ಲ.

ಇದಕ್ಕೆ ಪರಿಹಾರ ಆಂಕರ್ ಟ್ರಾಲಿ. ಹೆಸರು ಕೇಳಿ ದೊಡ್ಡ ಯಂತ್ರ ಅಂದುಕೊಳ್ಳಬೇಡಿ. ಮೂತಿಯ ಹತ್ತಿರ ಒಂದು ಸಣ್ಣ ರಾಟೆ, ಹಿಂದೆ ಒಂದು ಸಣ್ಣ ರಾಟೆ, ದೋಣಿಯ ಒಂದು ಬದಿಯ ಉದ್ದಕ್ಕೂ ಎರಡರ ನಡುವೆ ಸುತ್ತುವ ತೆಳು ಹಗ್ಗ, ಹಗ್ಗದಲ್ಲಿ ಒಂದು ಉಂಗುರ. ಹಗ್ಗ ಬಿಗಿಯಾಗಿರಲು ಒಂದು ತುಂಡು ಬಂಜಿ (ಹಿಗ್ಗುವ ಹಗ್ಗ), ಸೀಟಿನ ಪಕ್ಕ ಹಗ್ಗ ಸಿಕ್ಕಿಸಲು ಕ್ಲೀಟ್ ಎಂಬ ಒಂದು ಹಿಡಿಕೆ. ಲಂಗರಿನ ಹಗ್ಗ ಆ ಉಂಗುರದೊಳಗಿಂದ ಹಾದು ನನ್ನ ಕೈಗೆ ಬರುತ್ತದೆ. ಕೂತಲ್ಲಿಂದಲೇ ತೆಳು ಹಗ್ಗ ಎಳೆದರೆ ಉಂಗುರ ಹಿಂದಕ್ಕೆ ಜಾರುತ್ತದೆ, ಇನ್ನೊಂದು ಎಳೆ ಎಳೆದರೆ ಮುಂದಕ್ಕೆ. ಇಡೀ ಸರಂಜಾಮಿನಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೇ. ಸಿದ್ಧ ಕಿಟ್ ಸಿಗುತ್ತದೆ. ಬಿಡಿಬಿಡಿಯಾಗಿ ಕೊಂಡರೆ ಇನ್ನೂ ಅಗ್ಗ.

ಇದರಿಂದ ಸಿಗುವ ಸುಖವನ್ನು ಹೇಗೆ ಹೇಳಲಿ! ಜಾಗ ನೋಡಿಕೊಂಡು ಗಾಳಿ ಬರುವ ಕಡೆಗೆ ಒಂದಿಷ್ಟು ಮೇಲೆ ಹೋಗುತ್ತೇನೆ. ಲಂಗರನ್ನು ಎಸೆಯುವುದಿಲ್ಲ, ಮೆಲ್ಲಗೆ ಇಳಿಸುತ್ತೇನೆ. ಆಳದ ಮೂರು ನಾಲ್ಕು ಪಟ್ಟು ಹಗ್ಗ ಬಿಡುತ್ತೇನೆ, ಗಾಳಿ ಜೋರಿದ್ದರೆ ಇನ್ನೂ ಜಾಸ್ತಿ. ನೇರ ಕೆಳಗೆ ನಿಂತ ಹಗ್ಗ ಲಂಗರನ್ನು ಕಿತ್ತುಬಿಡುತ್ತದೆ, ಓರೆಯಾಗಿ ಹೋದ ಹಗ್ಗ ಅದನ್ನು ನೆಲಕ್ಕೆ ಕಚ್ಚಿಸುತ್ತದೆ. ಆಮೇಲೆ ಉಂಗುರವನ್ನು ಹಿಂದಕ್ಕೆ ಕಳಿಸುತ್ತೇನೆ. ದೋಣಿ ನಿಧಾನವಾಗಿ ತಿರುಗಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಈಗ ಎದುರಿಗೆ ಕೊರಡು, ಬೆನ್ನಿಗೆ ಗಾಳಿ. ಎಸೆತ ಗಾಳಿಯ ಜೊತೆ ಹೋಗುತ್ತದೆ, ಹಾಗಾಗಿ ದೂರ ಹೋಗುತ್ತದೆ. ಒಂದು ಬದಿ ಮುಗಿದರೆ ಹಗ್ಗ ಒಂದಿಷ್ಟು ಸಡಿಲ ಬಿಟ್ಟು ದೋಣಿಯುದ್ದ ಕೆಳಗೆ ಜಾರುತ್ತೇನೆ, ಮತ್ತೆ ಬಿಗಿಯುತ್ತೇನೆ. ಪ್ಯಾಡಲ್ ಮುಟ್ಟುವ ಪ್ರಮೇಯವೇ ಇಲ್ಲ.

ಕೆಲವು ಚಿಲ್ಲರೆ ಸೇರಿಕೆಗಳು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಲಂಗರಿಗೆ ಸುತ್ತಿದ್ದೇನೆ. ಖಾಲಿ ಪ್ಲಾಸ್ಟಿಕ್ ಒಡಲಿಗೆ ಕಬ್ಬಿಣ ತಾಗಿದರೆ ಆ ಸದ್ದು ನೀರಿನೊಳಗೆ ಚೆನ್ನಾಗಿ ಹೋಗುತ್ತದೆ. ಕಾಲಿಡುವ ಜಾಗಕ್ಕೆ ಫೋಮ್ ಹಾಳೆ ಅಂಟಿಸಿದ್ದೂ ಅದಕ್ಕೇ. ಲಂಗರಿನ ಹಗ್ಗದ ಕೊನೆಗೆ ಒಂದು ತೇಲುಬುಂಡೆ ಕಟ್ಟಿದ್ದೇನೆ. ದೊಡ್ಡ ಮೀನು ಸಿಕ್ಕಿ ಓಡಿದರೆ ಹಗ್ಗವನ್ನು ಕ್ಲೀಟ್‌ನಿಂದ ಬಿಡಿಸಿ ನೀರಿಗೆ ಬಿಟ್ಟು ಮೀನಿನ ಹಿಂದೆ ಹೋಗಬಹುದು, ಆಮೇಲೆ ಬಂದು ಎತ್ತಿಕೊಳ್ಳಬಹುದು. ಕೈಗೆ ಸಿಗುವಲ್ಲಿ ಒಂದು ಚಾಕು ಇರಲೇಬೇಕು. ಹರಿವು ಜೋರಿರುವ ನೀರಿನಲ್ಲಿ ನಾನು ಲಂಗರು ಹಾಕುವುದೇ ಇಲ್ಲ. ತೀರ ಮೆತ್ತನೆ ಕೆಸರಿದ್ದರೆ ಕೊಕ್ಕೆ ಲಂಗರು ಜಾರುತ್ತದೆ. ಅಲ್ಲಿ ನೀರು ಎದೆಮಟ್ಟದ ಒಳಗಿದ್ದರೆ ಉದ್ದನೆಯ ಕೋಲೊಂದನ್ನು ಉಂಗುರದೊಳಗಿಂದ ನೆಲಕ್ಕೆ ಚುಚ್ಚಿದರೆ ಸಾಕು. ಸದ್ದೂ ಇಲ್ಲ.

ಇಷ್ಟಾದ ಮೇಲೆ ದೋಣಿಯ ಮೇಲಿನ ಸಿಟ್ಟು ಇಳಿಯಿತು. ಸಿಟ್ಟು ಇಳಿದ ಮೇಲೆ ಅದರ ಗುಣವೂ ಕಾಣುತ್ತದೆ. ಗಿಡ್ಡ ದೋಣಿ ನಿಂತಲ್ಲೇ ತಿರುಗುತ್ತದೆ, ಮರದ ಕೊಂಬೆಗಳ ನಡುವೆ ನುಗ್ಗುತ್ತದೆ. ಮೋಟರ್ ದೋಣಿಗೆ ಆಗದ ಒಂದು ಅಡಿ ನೀರಿನಲ್ಲೂ ತೇಲುತ್ತದೆ. ಆ ತೆಳು ನೀರಿನ ಗಿಡಗಳ ನಡುವೆ ಬೇರೆಯವರ ಗಾಳ ನೋಡದ ಮೀನುಗಳಿರುತ್ತವೆ.

ರಾಡ್ ಮತ್ತು ರೀಲ್ ಬಗ್ಗೆ ಕಡಿಮೆ ಹೇಳುತ್ತೇನೆ, ಯಾಕೆಂದರೆ ಕಡಿಮೆ ಸಾಕು. 7 ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್. ಕಯಾಕ್‌ಗೆ ಗಿಡ್ಡ ರಾಡ್ ಒಳ್ಳೆಯದು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೀನು ದೋಣಿಯ ಕೆಳಗೆ ನುಸುಳಿ ಆಚೆ ಬದಿಗೆ ಹೋದರೆ ಲೈನನ್ನು ಮೂತಿ ಸುತ್ತಿ ಆಚೆ ತರಬೇಕು. ಸೀಟಿನಿಂದ ಮೂತಿಗೆ ಐದಾರು ಅಡಿ. ಹಿಡಿಯ ಭಾಗ ಕಳೆದರೆ ಆರು ಅಡಿ ರಾಡ್ ಮೂತಿಯನ್ನು ಸುತ್ತಿ ಬರಲು ಸಾಲದು, ಲೈನ್ ತಳಕ್ಕೆ ಉಜ್ಜಿ ಹೋಗುತ್ತದೆ. ಉದ್ದವಿರಲಿ, ಆದರೆ ಹಿಂದಿನ ಹಿಡಿ ಗಿಡ್ಡವಿರಲಿ. ಇಲ್ಲದಿದ್ದರೆ ಪ್ರತಿ ಸಲ ಲೈಫ್ ಜಾಕೆಟ್‌ಗೆ ಸಿಕ್ಕಿಕೊಳ್ಳುತ್ತದೆ.

ರೀಲ್ ಮೇಲೆ ಎಷ್ಟು ಬೇರಿಂಗ್ ಅಂತ ದೊಡ್ಡದಾಗಿ ಬರೆದಿದ್ದರೆ ಅದನ್ನು ಮರೆತುಬಿಡಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ತಡೆ, ಬಿಟ್ಟುಬಿಟ್ಟು ಜಗ್ಗದೆ ಒಂದೇ ಸಮ ಬಿಡುತ್ತದೆಯೇ ನೋಡಿ. ಅಗ್ಗದ ಬೇಟ್‌ಕಾಸ್ಟರ್ ಒಂದೂ ನನ್ನ ಬಳಿ ಇದೆ, ಎಸೆದಾಗ ಲೈನ್ ಸುತ್ತಿದ ಸ್ಪೂಲೇ ತಿರುಗುವ ರೀಲ್. ದಡದ ಮೇಲೆ ಪರವಾಗಿಲ್ಲ. ಕಯಾಕ್‌ನಲ್ಲಿ ತಗ್ಗಿನಲ್ಲಿ ಕೂತು, ಎದುರುಗಾಳಿಗೆ, ಹಗುರ ಲೂರ್ ಎಸೆದರೆ ಸ್ಪೂಲ್ ಮೇಲೆ ಲೈನ್ ಗೋಜಲಾಗಿ ಹಕ್ಕಿ ಗೂಡು ಕಟ್ಟುತ್ತದೆ. ಅದನ್ನು ಬಿಡಿಸುತ್ತಾ ಕೂತರೆ ಬೆಳಗಿನ ಒಳ್ಳೆ ಹೊತ್ತು ಅಲ್ಲೇ ಕಳೆಯಿತು. 7 ಗ್ರಾಂಗಿಂತ ಕಡಿಮೆ ತೂಕಕ್ಕೆ ಸ್ಪಿನ್ನಿಂಗ್ ಸಾಕು, ಸುಮ್ನೆ ತಲೆನೋವು ಬೇಡ.

ಲೈನ್ ವಿಷಯದಲ್ಲಿ ಜಿಪುಣತನ ಬೇರೆ ರೀತಿ ಮಾಡಬೇಕು. ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ಲೈನ್, ಹಿಗ್ಗುವುದಿಲ್ಲ. ಕೂತು ಎಳೆಯುವಾಗ ಕೈಗೆ ಬಲ ಕಡಿಮೆ, ಜೊತೆಗೆ ದೋಣಿಯೂ ಮೀನಿನ ಕಡೆ ಜಾರುತ್ತದೆ. ಹಿಗ್ಗುವ ಮೋನೋ (ಒಂದೇ ಎಳೆಯ ನೈಲಾನ್ ಲೈನ್) ಆದರೆ ಎಳೆತದ ಅರ್ಧ ಅದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ 10 ಪೌಂಡ್ ಬ್ರೇಡ್, ತುದಿಗೆ ಒಂದು ಮಾರು 8 ಪೌಂಡ್ ಫ್ಲೋರೋಕಾರ್ಬನ್. ಅದರಲ್ಲಿ ಬೆಳಕು ಬಾಗುವ ರೀತಿ ನೀರಿಗೆ ಹತ್ತಿರ, ಆದ್ದರಿಂದ ತಿಳಿನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಸ್ಪೂಲ್ ತುಂಬಾ ಬ್ರೇಡ್ ಸುತ್ತಬೇಡಿ. ಕೆಳಗೆ ಅಗ್ಗದ ಮೋನೋ ಸುತ್ತಿ, ಮೇಲೆ ಬ್ರೇಡ್ ಸುತ್ತಿ. ಬ್ರೇಡ್ ಸ್ಪೂಲ್ ಮೇಲೆ ಜಾರುವುದೂ ನಿಲ್ಲುತ್ತದೆ, ದುಡ್ಡೂ ಉಳಿಯುತ್ತದೆ.

ಲೂರ್ ಪೆಟ್ಟಿಗೆ ಒಂದೇ, ಅದೂ ಚಿಕ್ಕದು. 5 ಅಂಗುಲದ ಮೆತ್ತನೆ ಸ್ಟಿಕ್ ವರ್ಮ್, ಅಂದರೆ ಪ್ಲಾಸ್ಟಿಕ್ ಹುಳು, ನನ್ನ ಮುಕ್ಕಾಲು ಪಾಲು ಮೀನು ತಂದಿದೆ. ಅದನ್ನು ಕೊಕ್ಕೆಗೆ ಸಿಕ್ಕಿಸುವ ರೀತಿಗೆ ರಿಗ್ ಅನ್ನುತ್ತಾರೆ. ಗಿಡದ ನಡುವೆ ಟೆಕ್ಸಾಸ್ ರಿಗ್: 3/0 ಆಫ್‌ಸೆಟ್ ಕೊಕ್ಕೆ, ಮೂರೂವರೆ ಗ್ರಾಂನ ಬುಲೆಟ್ ತೂಕ. ಮೊನೆ ಪ್ಲಾಸ್ಟಿಕ್‌ನೊಳಗೆ ಅವಿತಿರುವುದರಿಂದ ಗಿಡಕ್ಕೆ ಸಿಕ್ಕುವುದು ಕಡಿಮೆ. ಬಯಲು ನೀರಿಗೆ ವ್ಯಾಕಿ ರಿಗ್, ನಡುಮಧ್ಯಕ್ಕೆ ಕೊಕ್ಕೆ. ವರ್ಮ್‌ಗೆ ಒಂದು ರಬ್ಬರ್ ಉಂಗುರ ಹಾಕಿ ಅದಕ್ಕೆ ಕೊಕ್ಕೆ ಸಿಕ್ಕಿಸಿದರೆ ಬೇಗ ಹರಿಯುವುದಿಲ್ಲ. ಹರಿದರೂ ಬಿಸಾಡಬೇಡಿ. ಅರ್ಧ ತುಂಡನ್ನು ಅಣಬೆ ತಲೆಯ ಸಣ್ಣ ಜಿಗ್‌ಗೆ ಚುಚ್ಚಿದರೆ ಅದೇ ನೆಡ್ ರಿಗ್. ತೀರಾ ಚೂರಾದದ್ದು ಜೇಬಿಗೆ, ನೀರಿಗಲ್ಲ. ಇನ್ನು ಕಲಕು ನೀರಿಗೆ 10 ಗ್ರಾಂ ಆಸುಪಾಸಿನ ಒಂದು ಸ್ಪಿನ್ನರ್‌ಬೇಟ್ (ತಿರುಗುವ ತಗಡಿರುವ ಲೂರ್), ಕೊರಡಿಗೆ ತಾಗಿಸಲು ಒಂದು ಸ್ಕ್ವೇರ್‌ಬಿಲ್ (ಚೌಕ ಮೂತಿಯ ಕ್ರ್ಯಾಂಕ್‌ಬೇಟ್). ಅಷ್ಟೇ.

ಇಷ್ಟೇನಾ ಅನ್ನುವವರಿಗೆ: 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದ ಮಾಂಟ್‌ಗಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ 22 ಪೌಂಡ್ 4 ಔನ್ಸ್ ತೂಕದ ಲಾರ್ಜ್‌ಮೌತ್ ಬಾಸ್ ಹಿಡಿದರು, 10 ಕಿಲೋಗೆ ತುಸು ಜಾಸ್ತಿ. ಅವರು ಹೋಗಿದ್ದು ಕೈಯಾರೆ ಮಾಡಿದ ದೋಣಿಯಲ್ಲಿ. ಆ ದಾಖಲೆಯನ್ನು ಸರಿಗಟ್ಟಲು 2009ರವರೆಗೆ ಕಾಯಬೇಕಾಯಿತು. ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನಿನ ತೂಕ ಪೆರ್ರಿಯದಕ್ಕಿಂತ ಹೆಚ್ಚಿತ್ತು, ಆದರೆ ಆ ವ್ಯತ್ಯಾಸ ಒಂದು ಔನ್ಸ್ ಕೂಡ ಇರಲಿಲ್ಲ. ದಾಖಲೆ ಮುರಿಯಲು ಅಷ್ಟು ಸಾಲದು, ಹಾಗಾಗಿ ಇಬ್ಬರದ್ದೂ ಸಮ.

ಉಳಿಸಿದ ದುಡ್ಡನ್ನು ಎಲ್ಲಿ ಹಾಕಬೇಕು? ಮೊದಲು ಲೈಫ್ ಜಾಕೆಟ್‌ಗೆ. ಬೆನ್ನಿನ ಕೆಳಭಾಗ ಜಾಲರಿ ಇರುವ, ಫೋಮ್ ಮೇಲುಗಡೆ ಇರುವ ಕಯಾಕ್ ಜಾಕೆಟ್ ಕೊಳ್ಳಿ. ಸೀಟಿಗೆ ಒರಗಿದಾಗ ಒತ್ತುವುದಿಲ್ಲ, ಒತ್ತದಿದ್ದರೆ ಬಿಚ್ಚಿಡುವ ಮನಸ್ಸಾಗುವುದಿಲ್ಲ. ಆಮೇಲೆ ಪ್ಯಾಡಲ್‌ಗೆ. ದೋಣಿಯ ಜೊತೆ ಕೊಡುವ ಅಲ್ಯೂಮಿನಿಯಂ ಪ್ಯಾಡಲ್ ಭಾರ, ಗಿಡ್ಡ, ಬೆಳಗಿನ ಚಳಿಯಲ್ಲಿ ಕೈ ಸುಡುವಷ್ಟು ತಣ್ಣಗೆ. ಅಗಲದ ದೋಣಿಗೆ 240 ಸೆಂಟಿಮೀಟರ್ ಆಸುಪಾಸಿನ ಫೈಬರ್‌ಗ್ಲಾಸ್ ಪ್ಯಾಡಲ್ ತಂದ ದಿನ ಭುಜ ನಕ್ಕಿತು.

ಕಾರಿನ ಮೇಲೆ ಕಟ್ಟುವಾಗ ಪಟ್ಟಿಯನ್ನು ಒಂದು ಸುತ್ತು ತಿರುಚಿ ಬಿಗಿಯಿರಿ, ದಾರಿಯುದ್ದಕ್ಕೂ ಗುಂಯ್ ಅನ್ನುವುದಿಲ್ಲ. ತೀರ ಬಿಗಿದು ಬಿಸಿಲಲ್ಲಿ ಬಿಟ್ಟರೆ ತಳ ಒಳಕ್ಕೆ ತಗ್ಗುತ್ತದೆ. ತಗ್ಗಿದರೆ ಗಾಬರಿ ಬೇಡ. ಪಟ್ಟಿ ಬಿಚ್ಚಿ ಬೋರಲು ಹಾಕಿ ಒಂದಿಷ್ಟು ಬಿಸಿಲಿಗಿಟ್ಟರೆ ಬಹುತೇಕ ತಾನೇ ಸರಿಯಾಗುತ್ತದೆ.

ಸೀಟು ಮಾತ್ರ ಇನ್ನೂ ಬಗೆಹರಿದಿಲ್ಲ. ತಗ್ಗಿನ ಸೀಟು, ಅದರ ಪಕ್ಕದಲ್ಲೇ ಸ್ಕಪ್ಪರ್ ತೂತುಗಳು. ಒಳಗೆ ಬಂದ ನೀರು ಅವುಗಳಿಂದ ಹೊರಗೆ ಹೋಗಬೇಕು, ಆದರೆ ಭಾರ ಹೆಚ್ಚಿದ್ದರೆ ನೀರು ಅದೇ ತೂತಿನಿಂದ ಮೇಲೆ ಬರುತ್ತದೆ. ಬಿರಡೆ ಹಾಕಿದರೆ ಪ್ಯಾಡಲ್‌ನಿಂದ ಸುರಿದ ನೀರು ಒಳಗೇ ನಿಲ್ಲುತ್ತದೆ. ಹೇಗೆ ಮಾಡಿದರೂ ಅಂಡು ಒದ್ದೆ. ಬೆನ್ನುನೋವು ಇರುವವರು ಈ ದರ್ಜೆಯ ಕಯಾಕ್ ಕೊಳ್ಳಲೇಬೇಡಿ. ಕುರ್ಚಿಯಂತೆ ಎತ್ತರದ ಫ್ರೇಮ್ ಸೀಟಿರುವ ಹಳೇ ಕಯಾಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ತಳದ ಗೀರುಗಳನ್ನು ಲೆಕ್ಕಕ್ಕಿಡಬೇಡಿ. ಸ್ಕಪ್ಪರ್ ತೂತುಗಳ ಸುತ್ತ ಮತ್ತು ಸೀಟಿನ ಕೆಳಗೆ ಬಿರುಕಿದೆಯೇ ಅಂತ ಬೆರಳಾಡಿಸಿ ನೋಡಿ. ಟ್ರಾಲಿ ಯಾವುದಕ್ಕಾದರೂ ಹಾಕಬಹುದು.