ಒಂಟಿಕೊಪ್ಪಲಿನ ಗಟ್ಟಿಂಗ್ ಅಂಗಡಿ: ನಮ್ಮ ಮನೆಯ ಏಳು ರ‍್ಯಾಕೆಟ್‌ಗಳೂ ಈಗ ಇಲ್ಲಿಗೇ

ಮನೆಯಲ್ಲಿ ನಾವು ನಾಲ್ಕು ಜನ, ರ‍್ಯಾಕೆಟ್ ಏಳು. ಒಂದು ಅಪ್ಪನ ಬಾಲ್ ಬ್ಯಾಡ್ಮಿಂಟನ್ ರ‍್ಯಾಕೆಟ್, ಮರದ್ದು. ಉಳಿದವು ನನ್ನವು, ನಮ್ಮೆಜಮಾನರವು, ಮಗಳವು. ನಾನು ಮನಃಶಾಸ್ತ್ರ ಪಾಠ ಮಾಡಲು ಶುರುಮಾಡಿ 26 ವರ್ಷವಾಯಿತು, ಶಟಲ್ ಆಡಲು ಶುರುಮಾಡಿ ಅದಕ್ಕಿಂತ ಹತ್ತು ವರ್ಷ ಹೆಚ್ಚು. ಬೆಳಿಗ್ಗೆ ಐದೂವರೆಗೆ ಕೋರ್ಟು, ಹತ್ತಕ್ಕೆ ಕ್ಲಾಸು, ಸಂಜೆ ಮಗಳ ಜೊತೆ ಮತ್ತೆ ಕೋರ್ಟು. ತಿಂಗಳಿಗೆ ಒಂದಾದರೂ ತಂತಿ ಹರಿಯುತ್ತದೆ. ಹಾಗಾಗಿ ರ‍್ಯಾಕೆಟ್‌ಗೆ ತಂತಿ ಹಾಕಿಕೊಡುವ ಗಟ್ಟಿಂಗ್ ಅಂಗಡಿ ಅಂದರೆ ನಮಗೆ ಹಾಲಿನ ಬೂತ್ ಇದ್ದ ಹಾಗೆ.

ಅಂಗಡಿ ಇರುವುದು ಮೈಸೂರಿನ ಒಂಟಿಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ, ಮನೆ ಮುಂದಿನ ಗ್ಯಾರೇಜಿನಲ್ಲಿ. ಬೋರ್ಡ್ ಇಲ್ಲ, ಗೇಟಿಗೆ ಹಳೆಯ ಫ್ರೇಮ್ ಒಂದನ್ನು ತೂಗುಹಾಕಿದ್ದಾರೆ. ಈ ಬಡಾವಣೆ ನನಗೆ ಮೊದಲಿನಿಂದಲೂ ಹತ್ತಿರ. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿ ಅನ್ನುವ ರೇಡಿಯೋ ಕೇಂದ್ರ ಶುರುಮಾಡಿದ್ದು ಇಲ್ಲೇ, ತಮ್ಮ ಮನೆಯಲ್ಲಿ. ನಮ್ಮ ವಿಷಯದ ಮೇಷ್ಟ್ರು ಪುಸ್ತಕ ಬಿಟ್ಟು ಯಂತ್ರ ಬಿಚ್ಚಿ ಕೂರುತ್ತಿದ್ದರು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಮೊದಲು ನಾವು ಹೋಗುತ್ತಿದ್ದದ್ದು ಬೇರೆ ಕಡೆ. ಹೆಸರು ಬೇಡ. ಹದಿಮೂರು ವರ್ಷದ ಮಗಳ ರ‍್ಯಾಕೆಟ್‌ಗೆ ಅಲ್ಲಿ ಏನೂ ಕೇಳದೆ 28 ಪೌಂಡ್ ಬಿಗಿಗೆ ತಂತಿ ಎಳೆದುಕೊಟ್ಟಿದ್ದರು. 'ಟೂರ್ನಮೆಂಟ್ ಆಡೋರು ಅಷ್ಟು ಹಾಕಿಸ್ಕೋತಾರೆ ಮೇಡಂ' ಅಂದರು, ನಾನೂ ನಂಬಿದೆ. ತಂತಿ ಬಿಗಿಯಾದಷ್ಟೂ ಶಟಲ್ ಸರಿಯಾಗಿ ತಾಗುವ ಜಾಗ ಚಿಕ್ಕದಾಗುತ್ತದೆ, ಪೆಟ್ಟು ಕೈಗೆ ಬರುತ್ತದೆ. ಎರಡು ತಿಂಗಳಲ್ಲಿ ಅವಳ ಮೊಣಕೈ ನೋವು ಶುರುವಾಯಿತು. ತಾಯಿಯಾಗಿ ಆ ನೋವು ನನಗೆ ಇನ್ನೂ ಹೋಗಿಲ್ಲ.

ಇಲ್ಲಿಗೆ ಮೊದಲ ಸಲ ಹೋದಾಗ ಆದದ್ದನ್ನು ಬಿಡಿಸಿ ಹೇಳಬೇಕು. ಈ ಅಂಗಡಿಯವರು ಎಷ್ಟು ಪೌಂಡ್ ಅಂತ ಕೇಳಲೇ ಇಲ್ಲ. ರ‍್ಯಾಕೆಟ್ ತಗೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಹರಿದ ತಂತಿಯ ತುದಿಯನ್ನು ಹೆಬ್ಬೆರಳಿನಲ್ಲಿ ಸವರಿದರು. ನಡುವಿನ ತಂತಿಗಳಲ್ಲಿ ಗೀರು ಕಮ್ಮಿ, ಮೇಲ್ತುದಿಯಲ್ಲಿ ಫ್ರೇಮಿಗೆ ಎರಡು ಬೆರಳು ದೂರದಲ್ಲಿ ಹರಿದಿತ್ತು. 'ಶಟಲ್ ತಡವಾಗಿ ಸಿಗ್ತಿದೆ, ಗಾಬರಿಯಲ್ಲಿ ಹೊಡೀತಿದ್ದಾಳೆ' ಅಂದರು. ಆಮೇಲೆ ಮಗಳ ಕಡೆ ತಿರುಗಿ, 'ಯಾವಾಗ ಹರೀತು ಪುಟ್ಟಾ?' ಅಂದರು.

ಅವಳು ನನ್ನ ಮುಖ ನೋಡದೆ, 'ಅಮ್ಮ ಗ್ಯಾಲರೀಲಿ ಕೂತಿದ್ದಾಗ' ಅಂದಳು.

ನಾನು ಪ್ರತಿ ವರ್ಷ ಮೊದಲ ಸೆಮಿಸ್ಟರಿನಲ್ಲಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಮಾಡಿದ ಪ್ರಯೋಗ ಹೇಳುತ್ತೇನೆ. ಸೈಕಲ್ ರೇಸಿನ ಹುಚ್ಚಿದ್ದ ಮನಃಶಾಸ್ತ್ರಜ್ಞ. 40 ಮಕ್ಕಳ ಕೈಲಿ ಮೀನು ಹಿಡಿಯುವ ರೀಲು ಸುತ್ತಿಸಿದ, ಒಮ್ಮೆ ಒಬ್ಬರೇ, ಒಮ್ಮೆ ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟು. ಇಪ್ಪತ್ತು ಮಕ್ಕಳ ವೇಗ ಹೆಚ್ಚಾಯಿತು, ಇನ್ನು ಹತ್ತು ಮಕ್ಕಳು ಉದ್ವೇಗದಲ್ಲಿ ಕೈ ಬಿಗಿಹಿಡಿದು ನಿಧಾನವಾದರು. ಆ ಹತ್ತು ಮಕ್ಕಳ ಬಗ್ಗೆ ಬೋರ್ಡಿನ ಮೇಲೆ ಇಷ್ಟು ವರ್ಷ ಬರೆದಿದ್ದೇನೆ. ಅಂಥದ್ದೊಂದು ಮಗು ನನ್ನ ಮನೆಯಲ್ಲೇ ಇದೆ ಅಂತ ತಿಳಿದದ್ದು ಆ ಗ್ಯಾರೇಜಿನಲ್ಲಿ. ಈಗ ಅವಳ ಮ್ಯಾಚ್ ನಡೆಯುವಾಗ ನಾನು ಹೊರಗೆ, ಸ್ಕೂಟರ್ ಹತ್ತಿರ ಇರುತ್ತೇನೆ. ಮುಗಿದ ಮೇಲೆ ಅವಳೇ ಬಂದು ಹೇಳುತ್ತಾಳೆ.

ಕೆಲಸದ ವಿಚಾರಕ್ಕೆ ಬರೋಣ. ಮಗಳ ರ‍್ಯಾಕೆಟ್‌ಗೆ ಹಾಕಿದ್ದು 22 ಪೌಂಡ್, ಬಿಜಿ 65 ಅನ್ನುವ ತಂತಿ. 0.70 ಮಿಲಿಮೀಟರ್ ದಪ್ಪ, ಬಾಳಿಕೆ ಚೆನ್ನಾಗಿದೆ. ಹಳೆ ತಂತಿಯನ್ನು ನಡುವಿನಿಂದ ಶುರುಮಾಡಿ ಸುತ್ತಲೂ ಸಮನಾಗಿ ಕತ್ತರಿಸುತ್ತಾರೆ. ಒಂದೇ ಕಡೆಯಿಂದ ಕತ್ತರಿಸಿದರೆ ಫ್ರೇಮ್ ಓರೆಯಾಗುತ್ತದೆ. ತಂತಿ ಹಾಯುವ ತೂತುಗಳಲ್ಲಿ ಕೂರುವ ಪುಟ್ಟ ಪ್ಲಾಸ್ಟಿಕ್ ಕೊಳವೆ, ಅಂದರೆ ಗ್ರಾಮೆಟ್, ಒಂದೊಂದನ್ನೂ ಉಗುರಿನಲ್ಲಿ ತಟ್ಟಿ ನೋಡಿ, ಒಡೆದಿದ್ದ ಮೂರನ್ನು ಬದಲಾಯಿಸಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಉದ್ದದ ತಂತಿ ಮುಗಿಸಿ ಅಡ್ಡ ತಂತಿ ನೇಯುವಾಗ ಮಾತಾಡುವುದಿಲ್ಲ, ಮಾತಾಡಿಸಲೂಬಾರದು. ನಾಲ್ಕು ಗಂಟು, ನಾಲ್ಕೂ ಸಾಸಿವೆ ಕಾಳಿನಷ್ಟು ಚಿಕ್ಕವು. ತಂತಿ ಸೇರಿ ನಾನು ಕೊಟ್ಟದ್ದು 650 ರೂಪಾಯಿ. ಬೇರೆ ಕಡೆ ಇದಕ್ಕಿಂತ ಕಮ್ಮಿಗೂ ಆಗುತ್ತದೆ, ಆದರೆ ಐದು ತಿಂಗಳಾದರೂ ಅವಳ ತಂತಿ ಹರಿದಿಲ್ಲ, ಮೊಣಕೈಗೆ ಪಟ್ಟಿ ಕಟ್ಟುವುದೂ ನಿಂತಿದೆ.

ಗೋಡೆ ಮೇಲೆ ಒಂದೇ ಫೋಟೋ, ಪ್ರಕಾಶ್ ಪಡುಕೋಣೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಮೆಂಟ್ ಗೆದ್ದವರು ಅಭ್ಯಾಸ ಮಾಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ, ಮದುವೆ ಇದ್ದ ದಿನ ಆಟವಿಲ್ಲ ಅಂತ ಅಂಗಡಿಯವರು ಮಗಳಿಗೆ ಹೇಳಿದರು. ಅವತ್ತಿನಿಂದ ಕೋರ್ಟ್ ಸಿಗದ ದಿನ ಅವಳ ಸಿಡಿಮಿಡಿ ಇಲ್ಲ, ಹಜಾರದಲ್ಲೇ ಮಣಿಕಟ್ಟಿನ ಅಭ್ಯಾಸ ಮಾಡುತ್ತಾಳೆ.

ತೊಂದರೆಗಳೂ ಇವೆ. ಕೂರಲು ಒಂದೇ ಸ್ಟೂಲ್, ವಯಸ್ಸಾದವರಿಗೆ ಕಷ್ಟ. ಅರ್ಜೆಂಟ್ ಕೆಲಸ ಒಪ್ಪಿಕೊಳ್ಳುವುದಿಲ್ಲ, ಟೂರ್ನಮೆಂಟ್ ಹಿಂದಿನ ದಿನ ಓಡಿಹೋದರೆ ವಾಪಸ್ ಬರಬೇಕಾಗುತ್ತದೆ. ಫೋನ್ ಎತ್ತುವುದು ಸಂಜೆ ಆರರ ಮೇಲೆ. ಮಂಗಳವಾರ ರಜ.

ಅಪ್ಪನ ರ‍್ಯಾಕೆಟ್ ಕೊಡಲು ನನಗೆ ಧೈರ್ಯವಿರಲಿಲ್ಲ. ಐದೈದು ಜನ ಆಡುವ, ಹಳದಿ ಉಣ್ಣೆ ಚೆಂಡಿನ ಆಟ ಅದು. ಶಟಲ್ ರ‍್ಯಾಕೆಟ್‌ಗಿಂತ ಎರಡರಷ್ಟು ಭಾರ. ಮೂವತ್ತು ವರ್ಷದಿಂದ ಅಟ್ಟದಲ್ಲಿತ್ತು. ಅಂಗಡಿಯವರು ಮೂರು ದಿನ ಸುಮ್ಮನೆ ನೆರಳಿನಲ್ಲಿಟ್ಟು, ಮರ ಎಲ್ಲೂ ಸೀಳಿಲ್ಲ ಅಂತ ಖಾತ್ರಿ ಮಾಡಿಕೊಂಡು, ದಪ್ಪ ತಂತಿಯನ್ನು ಸಡಿಲವಾಗಿಯೇ ಹಾಕಿದರು. ಹತ್ತೊಂಬತ್ತು ದಿನ ಹಿಡಿಯಿತು. ಕೈಗೆ ಕೊಟ್ಟಾಗ 81 ವರ್ಷದ ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಮೀಟಿದರು. ಮತ್ತೆ ಮೀಟಿದರು. ಮೊಮ್ಮಗಳನ್ನು ಕರೆದು ಅವಳಿಗೂ ಕೇಳಿಸಿದರು.

ಹೋಗುವವರಿಗೆ ಒಂದು ಮಾತು. ತಂತಿ ಹರಿದ ಕೂಡಲೇ ನಡುವಿನಿಂದ ಹೊರಕ್ಕೆ ಕತ್ತರಿಸಿಬಿಡಿ, ಫ್ರೇಮ್ ಉಳಿಯುತ್ತದೆ. ಆದರೆ ಕಿತ್ತು ಬಿಸಾಡಬೇಡಿ, ಹಾಗೇ ತಗೊಂಡು ಹೋಗಿ. ಅದನ್ನು ಅವರು ನೋಡಬೇಕು.