ಇಟಲಿಯ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಜೀವಶಾಸ್ತ್ರದ ಪದಕಾರ್ಡುಗಳು: ಬಳಸಿ ನೋಡಿದ ಮೇಲೆ

ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಮಾಧ್ಯಮದ ವೈದ್ಯಕೀಯ ಪದವಿಗೆ ಸೇರಬಯಸುವವರು ಐಮ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. 100 ನಿಮಿಷಗಳಲ್ಲಿ 60 ಪ್ರಶ್ನೆಗಳಿಗೆ ಉತ್ತರಿಸಬೇಕಾದ ಈ ಪರೀಕ್ಷೆಯಲ್ಲಿ 2023ರಿಂದ ಈಚೆಗೆ 23 ಪ್ರಶ್ನೆಗಳು ಜೀವಶಾಸ್ತ್ರದವೇ ಆಗಿವೆ. ಸರಿಯುತ್ತರಕ್ಕೆ 1.5 ಅಂಕ, ತಪ್ಪುತ್ತರಕ್ಕೆ 0.4 ಅಂಕ ಕಡಿತ, ಬಿಟ್ಟ ಪ್ರಶ್ನೆಗೆ ಸೊನ್ನೆ. ಒಟ್ಟು 90 ಅಂಕಗಳಲ್ಲಿ 34.5 ಅಂಕಗಳು ಒಂದೇ ವಿಷಯದ ಪಾಲಾದಾಗ, ಇಟಾಲಿಯನ್ ಭಾಷೆಯಲ್ಲಿ ಐದು ವರ್ಷ ಜೀವವಿಜ್ಞಾನ ಕಲಿತು ಬಂದ ಲಿಚೇಯೊ (ಇಟಲಿಯ ಪ್ರೌಢಶಾಲೆ) ವಿದ್ಯಾರ್ಥಿಗೆ ವಿಷಯ ಗೊತ್ತಿದ್ದರಷ್ಟೇ ಸಾಲದು. ಪ್ರಶ್ನೆಯಲ್ಲಿರುವ ಇಂಗ್ಲಿಷ್ ಪದ ಸರಾಸರಿ ನೂರು ಸೆಕೆಂಡುಗಳ ಒಳಗೆ ಅರ್ಥವಾಗಿ, ಉತ್ತರವೂ ಹೊಳೆಯಬೇಕು. ಇಂತಹವರಿಗಾಗಿ ಯಾರೋ ಸಿದ್ಧಪಡಿಸಿದ, ತಯಾರಕರ ಹೆಸರಿಲ್ಲದೆ ವಿದ್ಯಾರ್ಥಿಗಳ ಕೈಯಿಂದ ಕೈಗೆ ದಾಟುತ್ತಿರುವ ಪದಕಾರ್ಡುಗಳ ಸಂಗ್ರಹವೊಂದನ್ನು ನಾನು ಪಾಠ ಹೇಳುವ ಮಕ್ಕಳೊಂದಿಗೆ ಎರಡು ವರ್ಷ ಬಳಸಿದ್ದೇನೆ. ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿನಲ್ಲಿ ಉಳಿಸುವ ಆಂಕಿ ಎಂಬ ತಂತ್ರಾಂಶದಲ್ಲಿ ತೆರೆದುಕೊಳ್ಳುವ ಈ ಸಂಗ್ರಹದಲ್ಲಿ ಸುಮಾರು 600 ಕಾರ್ಡುಗಳಿವೆ. ಮುಂಬದಿಯಲ್ಲಿ ಇಂಗ್ಲಿಷ್ ಪದ, ಹಿಂಬದಿಯಲ್ಲಿ ಇಟಾಲಿಯನ್ ಪದ ಮತ್ತು ಒಂದು ಉದಾಹರಣೆ ವಾಕ್ಯ. ಉಚಿತವಾಗಿ ಸಿಗುತ್ತದೆ.

ಮೊದಲು ಇದರ ದೊಡ್ಡ ಕೊರತೆಯನ್ನೇ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಗುಣದೋಷಗಳೂ ಅದರ ಸುತ್ತಲೇ ಸುತ್ತುತ್ತವೆ. ಸಂಗ್ರಹದ ಸುಮಾರು ಮೂರನೆಯ ಒಂದು ಭಾಗ ಮೈಟೋಕಾಂಡ್ರಿಯನ್, ರೈಬೋಸೋಮ್, ಕ್ರೋಮೋಸೋಮ್, ಮೈಟೋಸಿಸ್, ಹೋಮಿಯೋಸ್ಟಾಸಿಸ್‌ನಂತಹ ಪದಗಳಿಗೆ ಮೀಸಲಾಗಿದೆ. ಮಿತೊಕೊಂದ್ರಿಯೊ, ರಿಬೊಸೋಮಾ, ಕ್ರೊಮೊಸೋಮಾ ಎಂದು ಓದಿಕೊಂಡು ಬಂದ ಇಟಾಲಿಯನ್ ವಿದ್ಯಾರ್ಥಿಗೆ ಈ ಪದಗಳನ್ನು ಯಾರೂ ಕಲಿಸಬೇಕಾಗಿಲ್ಲ. ಲ್ಯಾಟಿನ್ ಮತ್ತು ಗ್ರೀಕ್ ಮೂಲದ ಪದಗಳು ಅವನ ಮನೆಯ ಮಾತಿಗೆ ಹತ್ತಿರದ ನೆಂಟರು. ಅವನು ತಡವರಿಸುವುದು ಇಂಗ್ಲಿಷಿನ ಚಿಕ್ಕ ಚಿಕ್ಕ ಮನೆಮಾತುಗಳಲ್ಲಿ: ಲಿವರ್, ಕಿಡ್ನಿ, ಗಟ್, ಬ್ಲ್ಯಾಡರ್, ಯೀಸ್ಟ್, ವೂಮ್. ಯಕೃತ್ತಿಗೆ ಸಂಬಂಧಿಸಿದ್ದು ಎಂಬರ್ಥದ ಹೆಪಾಟಿಕ್ ಎಂದರೆ ಎಪಾತಿಕೊ ಎಂದು ಕ್ಷಣದಲ್ಲಿ ಹೇಳುವ ಹುಡುಗಿಯೊಬ್ಬಳು ಲಿವರ್ ಎಂಬ ಪದದ ಮುಂದೆ ಸುಮ್ಮನೆ ಕುಳಿತದ್ದನ್ನು ನಾನು ಕಂಡಿದ್ದೇನೆ. ಅವಳ ಭಾಷೆಯಲ್ಲಿ ಅದು ಫೇಗತೊ. ಎರಡಕ್ಕೂ ಒಂದಕ್ಷರದ ಸಂಬಂಧವೂ ಕಾಣುವುದಿಲ್ಲ. ರೀನಲ್ ಸುಲಭ, ಕಿಡ್ನಿ ಕಷ್ಟ. ಪಲ್ಮನರಿ ಸುಲಭ, ಲಂಗ್ ಕಷ್ಟ.

ಕನ್ನಡ ಓದುಗರಿಗೆ ಈ ಇಬ್ಬಗೆ ಹೊಸದಲ್ಲ. ನಮ್ಮಲ್ಲಿ ನೆತ್ತರು ಮತ್ತು ರಕ್ತ, ಮೂಳೆ ಮತ್ತು ಅಸ್ಥಿ, ಗುಂಡಿಗೆ ಮತ್ತು ಹೃದಯ ಜೊತೆಯಾಗಿಯೇ ಬಾಳುತ್ತಿವೆ. ಸಂಸ್ಕೃತ ಬಲ್ಲ ಹೊರಗಿನವನಿಗೆ ಅಸ್ಥಿ ಥಟ್ಟನೆ ತಿಳಿಯುತ್ತದೆ, ಮೂಳೆ ತಿಳಿಯುವುದಿಲ್ಲ. 1066ರ ನಾರ್ಮನ್ ವಿಜಯದ ನಂತರ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳನ್ನು ಧಾರಾಳವಾಗಿ ತೆಗೆದುಕೊಂಡ ಇಂಗ್ಲಿಷ್ ಕೂಡ ನಿತ್ಯದ ಅಂಗಾಂಗಗಳ ಹೆಸರುಗಳಲ್ಲಿ ಹಳೆಯ ಜರ್ಮಾನಿಕ್ ಬೇರನ್ನು ಬಿಟ್ಟುಕೊಡಲಿಲ್ಲ. ಆದ್ದರಿಂದ ಇಟಾಲಿಯನ್ ಭಾಷಿಕರಿಗಾಗಿ ಮಾಡುವ ಪದಸಂಗ್ರಹ ಉಳಿದವರಿಗೆ ಮಾಡುವ ಸಂಗ್ರಹಕ್ಕಿಂತ ತಲೆಕೆಳಗಾಗಿರಬೇಕು: ಉದ್ದನೆಯ ಪಾರಿಭಾಷಿಕ ಪದಗಳನ್ನು ಬಿಟ್ಟು ಗಿಡ್ಡ ಪದಗಳಿಂದ ಶುರುವಾಗಬೇಕು. ಈ ಸಂಗ್ರಹವನ್ನು ಮಾಡಿದವರು ಅಕ್ಷರಾನುಕ್ರಮದ ಪದಕೋಶವೊಂದನ್ನು ಎದುರಿಗಿಟ್ಟುಕೊಂಡಂತೆ ತೋರುತ್ತದೆ. ಎದುರಿಗೆ ಕುಳಿತ ವಿದ್ಯಾರ್ಥಿಯನ್ನು ನೋಡಿದಂತೆ ತೋರುವುದಿಲ್ಲ.

ಇನ್ನೊಂದು ತೊಂದರೆ, ಒಂದು ಪದಕ್ಕೆ ಒಂದೇ ಪದ ಎಂಬ ಹಟ. ಮಿದೊಲ್ಲೊ ಎಂಬ ಇಟಾಲಿಯನ್ ಪದವನ್ನೇ ನೋಡಿ. ಮಿದೊಲ್ಲೊ ಓಸ್ಸೆಯೊ ಎಂದರೆ ಮೂಳೆಯೊಳಗಿನ ಮಜ್ಜೆ, ಇಂಗ್ಲಿಷಿನಲ್ಲಿ ಬೋನ್ ಮ್ಯಾರೋ; ಮಿದೊಲ್ಲೊ ಸ್ಪಿನಾಲೆ ಎಂದರೆ ಬೆನ್ನುಹುರಿ, ಸ್ಪೈನಲ್ ಕಾರ್ಡ್; ಮಿದೊಲ್ಲೊ ಅಲ್ಲುಂಗಾತೊ ಎಂದರೆ ಮಿದುಳಿನ ಬುಡದ ಮೆಡುಲ್ಲಾ ಆಬ್ಲಾಂಗಾಟಾ. ಇಟಾಲಿಯನ್ನಿನಲ್ಲಿ ಒಂದೇ ಹೆಸರಿನ ಮೂರು ವಸ್ತುಗಳು ಇಂಗ್ಲಿಷಿನಲ್ಲಿ ಮೂರು ದಾರಿ ಹಿಡಿಯುತ್ತವೆ. ರಕ್ತಕಣಗಳು ಎಲ್ಲಿ ಹುಟ್ಟುತ್ತವೆ ಎಂಬ ಪ್ರಶ್ನೆಯ ಆಯ್ಕೆಗಳಲ್ಲಿ ಈ ಮೂರರಲ್ಲಿ ಎರಡು ಬಂದರೂ ಸಾಕು, ವಿಷಯ ತಿಳಿದ ವಿದ್ಯಾರ್ಥಿಯೂ ಎಡವುತ್ತಾನೆ. ಈ ಸಂಗ್ರಹದಲ್ಲಿ ಮ್ಯಾರೋ ಎಂಬ ಒಂದು ಕಾರ್ಡಿದೆ, ಅದರ ಹಿಂದೆ ಮಿದೊಲ್ಲೊ ಎಂಬ ಒಂದೇ ಪದವಿದೆ, ಅಷ್ಟೇ. ರೆಸ್ಪಿರೇಶನ್ ಕಾರ್ಡಿನ ಗತಿಯೂ ಇದೇ. ಇಂಗ್ಲಿಷ್ ಜೀವಶಾಸ್ತ್ರದಲ್ಲಿ ಜೀವಕೋಶವು ಗ್ಲೂಕೋಸಿನಿಂದ ಶಕ್ತಿ ಪಡೆಯುವ ಕ್ರಿಯೆಗೆ ರೆಸ್ಪಿರೇಶನ್ ಎಂದೂ, ಶ್ವಾಸಕೋಶಕ್ಕೆ ಗಾಳಿ ತುಂಬಿ ಹೊರಬಿಡುವುದಕ್ಕೆ ಬ್ರೀದಿಂಗ್ ಅಥವಾ ವೆಂಟಿಲೇಶನ್ ಎಂದೂ ಬೇರೆ ಬೇರೆಯಾಗಿ ಹೇಳುವುದು ರೂಢಿ. ಇಟಾಲಿಯನ್ನಿನ ರೆಸ್ಪಿರಾತ್ಸಿಯೋನೆ ಎರಡನ್ನೂ ಹೊತ್ತುಕೊಳ್ಳುತ್ತದೆ, ನಮ್ಮ ಉಸಿರಾಟ ಎಂಬ ಪದ ಹೊತ್ತುಕೊಳ್ಳುವಂತೆ. ಈ ವ್ಯತ್ಯಾಸವನ್ನು ಹೇಳದ ಕಾರ್ಡು ಕಲಿಸುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು.

ಪೂರ್ತಿ ತಪ್ಪಾದ ಕಾರ್ಡುಗಳು ಕಡಿಮೆ, ಆದರೆ ಇವೆ. ಎಲ್ಲಕ್ಕಿಂತ ಕೆಟ್ಟದ್ದು ಆಮಿದೊ. ಇಟಾಲಿಯನ್ನಿನಲ್ಲಿ ಅದು ಪಿಷ್ಟ, ಅಂದರೆ ಸ್ಟಾರ್ಚ್; ಸಂಗ್ರಹದಲ್ಲಿ ಅದನ್ನು ಅಮೈಡ್ ಎಂಬ ಇಂಗ್ಲಿಷ್ ಪದದ ಹಿಂದೆ ಬರೆಯಲಾಗಿದೆ. ಅಮೈಡ್‌ಗೆ ಇಟಾಲಿಯನ್ನಿನಲ್ಲಿ ಎರಡು ಮಕಾರಗಳ ಅಮ್ಮೀದೆ ಎಂಬ ಪ್ರತ್ಯೇಕ ಪದವಿದೆ. ಕಾರ್ಬೋಹೈಡ್ರೇಟನ್ನು ಸಾರಜನಕವಿರುವ ಸಂಯುಕ್ತದೊಂದಿಗೆ ಬೆರೆಸುವ ಈ ತಪ್ಪು ಜೀವಶಾಸ್ತ್ರದ ಜೊತೆಗೆ ರಸಾಯನಶಾಸ್ತ್ರದ ಪ್ರಶ್ನೆಗಳನ್ನೂ ಕೆಡಿಸುತ್ತದೆ. ಈ ಸಂಗ್ರಹವನ್ನು ಬಳಸುವವರು ಮೊದಲ ದಿನವೇ ಆ ಕಾರ್ಡನ್ನು ತಿದ್ದಿಕೊಳ್ಳಲಿ.

ಇಷ್ಟೆಲ್ಲ ಹೇಳಿದರೂ ನಾನು ಇದನ್ನು ಎರಡು ವರ್ಷ ಬಿಡದೆ ಬಳಸಿದ್ದಕ್ಕೆ ಕಾರಣವಿದೆ: ಅದರ ತಳಿಶಾಸ್ತ್ರ ವಿಭಾಗ. ಅದನ್ನು ಬರೆದವರ ಕೈ ಬೇರೆಯದೇ ಇರಬೇಕು ಎನ್ನಿಸುವಷ್ಟು ಅದು ಸೊಗಸಾಗಿದೆ. ಡಿಎನ್ಎಯ ಎಳೆಗೆ ಸ್ಟ್ರ್ಯಾಂಡ್, ಇಟಾಲಿಯನ್ನಿನಲ್ಲಿ ಫಿಲಾಮೆಂತೊ. ನಕಲಿಗೆ ಅಚ್ಚಾಗುವ ಎಳೆಗೆ ಟೆಂಪ್ಲೇಟ್, ಇಟಾಲಿಯನ್ನಿನಲ್ಲಿ ಸ್ತಾಂಪೊ. ಕೋಶ ವಿಭಜನೆಯ ಕದಿರಿಗೆ ಸ್ಪಿಂಡಲ್, ಇಟಾಲಿಯನ್ನಿನಲ್ಲಿ ಫೂಸೊ. ಇಲ್ಲಿನ ಪ್ರತಿ ಕಾರ್ಡಿನಲ್ಲೂ ಪದ ಎಲ್ಲಿ, ಯಾವ ಕ್ರಿಯೆಯಲ್ಲಿ ಬರುತ್ತದೆ ಎಂಬುದನ್ನು ತೋರಿಸುವ ವಾಕ್ಯವಿದೆ.

ವಂಶವೃಕ್ಷದ ಕಾರ್ಡುಗಳಂತೂ ಇಡೀ ಸಂಗ್ರಹದ ಮುಕುಟ. ಇಟಾಲಿಯನ್ನಿನಲ್ಲಿ ನಿಪೋತೆ ಎಂದರೆ ಮೊಮ್ಮಗನೂ ಆಗಬಹುದು, ಮೊಮ್ಮಗಳೂ ಆಗಬಹುದು, ಅಣ್ಣನ ಮಗನೂ ಆಗಬಹುದು, ತಂಗಿಯ ಮಗಳೂ ಆಗಬಹುದು. ಅನುವಂಶೀಯ ರೋಗದ ಲೆಕ್ಕದಲ್ಲಿ ಗ್ರ್ಯಾಂಡ್‌ಸನ್ ಮತ್ತು ನೆಫ್ಯೂ ಒಂದೇ ಎಂದು ಓದಿಕೊಂಡರೆ ಒಂದು ತಲೆಮಾರೇ ಅದಲುಬದಲಾಗಿ ಉತ್ತರ ತಪ್ಪುತ್ತದೆ. ಸಿಬ್ಲಿಂಗ್ ಎಂಬುದಕ್ಕೆ ದಿನಬಳಕೆಯ ಇಟಾಲಿಯನ್ನಿನಲ್ಲಿ ಒಂದೇ ಸಹಜ ಪದವಿಲ್ಲ. ಸೋದರ ಅಥವಾ ಸೋದರಿ ಎಂದು ಬಿಡಿಸಿ ಹೇಳಬೇಕು. ಒಡಹುಟ್ಟಿದವರು ಎಂಬ ಪದವಿರುವ ನಮಗೆ ಆ ಕಷ್ಟವಿಲ್ಲ. ಪೆಡಿಗ್ರೀ ಎಂಬ ಪದವನ್ನು ಇಟಾಲಿಯನ್ನರು ನಾಯಿಯ ತಳಿಪತ್ರಕ್ಕೆ ಬಳಸುವುದರಿಂದ ಮನುಷ್ಯರ ವಂಶವೃಕ್ಷದ ಮೇಲೆ ಅದನ್ನು ಕಂಡು ಬೆರಗಾಗುತ್ತಾರೆ. ಇವಿಷ್ಟನ್ನೂ ಕಾರ್ಡುಗಳು ಎಚ್ಚರಿಕೆಯಿಂದ ಬಿಡಿಸಿ ಹೇಳಿವೆ. ಆಫ್‌ಸ್ಪ್ರಿಂಗ್ ಮತ್ತು ರೋಗದ ಜೀನನ್ನು ಹೊತ್ತ ಕ್ಯಾರಿಯರ್ ಪದಗಳ ವಿವರಣೆಯೂ ಅಷ್ಟೇ ಚೊಕ್ಕವಾಗಿದೆ.

ಏಕವಚನ ಬಹುವಚನಗಳ ವಿಭಾಗವನ್ನೂ ಮೆಚ್ಚಬೇಕು. ಆಕಾರಾಂತ ನಾಮಪದವೆಂದರೆ ಸಾಮಾನ್ಯವಾಗಿ ಸ್ತ್ರೀಲಿಂಗದ ಏಕವಚನ ಎಂದು ಎಣಿಸುವ ಇಟಾಲಿಯನ್ ಕಿವಿಗೆ ಬ್ಯಾಕ್ಟೀರಿಯಾ, ಮೈಟೋಕಾಂಡ್ರಿಯಾ, ಸ್ಟೊಮಾಟಾ ಪದಗಳು ಒಂದೇ ವಸ್ತುವನ್ನು ಸೂಚಿಸುವಂತೆ ಕೇಳಿಸುತ್ತವೆ. ಬ್ಯಾಕ್ಟೀರಿಯಂ ಎಂಬುದು ಒಂದು, ಬ್ಯಾಕ್ಟೀರಿಯಾ ಹಲವು ಎಂಬುದನ್ನು ಜೋಡಿ ಕಾರ್ಡುಗಳಲ್ಲಿ ಚೆನ್ನಾಗಿ ತೋರಿಸಲಾಗಿದೆ. ಉಚ್ಚಾರಣೆಯ ಧ್ವನಿ ಯಂತ್ರದ್ದು, ಸಾಧಾರಣ. ಲಿಖಿತ ಪರೀಕ್ಷೆಗೆ ಅದರ ಅಗತ್ಯವೂ ಅಷ್ಟಿಲ್ಲ. ಶಾಲೆಯ ಕೊನೆಯ ವರ್ಷದಲ್ಲಿ ಕ್ಲಿಲ್ ಪದ್ಧತಿಯಂತೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿತು ಮಾತನಾಡಬೇಕಾದವರಿಗೆ ಮಾತ್ರ ಅದು ಸಾಲದು.

ಇನ್ನು ಇಲ್ಲದಿರುವುದರ ಬಗ್ಗೆ. ಈ ಸಂಗ್ರಹದಲ್ಲಿ ಕ್ರಿಯಾಪದಗಳು ಬೆರಳೆಣಿಕೆಯಷ್ಟು. ಕೆಂಪು ರಕ್ತಕಣವನ್ನು ಶುದ್ಧ ನೀರಿನಲ್ಲಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆಯ್ಕೆಗಳು ಸ್ವೆಲ್, ಶ್ರಿಂಕ್, ಬರ್ಸ್ಟ್ ಎಂಬ ಪದಗಳಲ್ಲಿ ಬರುತ್ತವೆ. ಪರಾಸರಣದ (ಆಸ್ಮಾಸಿಸ್) ತತ್ವವನ್ನು ಅರೆದು ಕುಡಿದಿರುವ, ರಕ್ತಕಣ ಒಡೆಯುವುದಕ್ಕೆ ಇಟಾಲಿಯನ್ನಿನಲ್ಲಿ ಹೇಳುವ ಎಮೊಲೀಸಿ ಎಂಬ ಕಠಿಣ ಪದವನ್ನೂ ಬಲ್ಲ ವಿದ್ಯಾರ್ಥಿ ಹಿಗ್ಗುವುದು ಯಾವುದು, ಕುಗ್ಗುವುದು ಯಾವುದು ಎಂದು ತಿಳಿಯದೆ ಪ್ರಶ್ನೆಯನ್ನು ಬಿಟ್ಟುಬಿಡುತ್ತಾನೆ. ಇಷ್ಟು ಓದಿದ ಮಕ್ಕಳು ಇಂತಹ ಕಾರಣಕ್ಕೆ ಅಂಕ ಕಳೆದುಕೊಳ್ಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆಯ ಎಲುಬುಗೂಡಾದ ಪದಗಳೂ ಇಲ್ಲಿಲ್ಲ: ಅನ್‌ಲೆಸ್, ನೈದರ್, ಎಕ್ಸೆಪ್ಟ್, ಅಟ್ ಲೀಸ್ಟ್. ಮುಖಹೋಲಿಕೆಯ ವಂಚಕ ಪದಗಳ ಪೈಕಿ ಎರಡಾದರೂ ಇರಬೇಕಿತ್ತು. ಇಂಗ್ಲಿಷಿನ ಅಸ್ಯೂಮ್ ಎಂದರೆ ಹೀಗೆಂದು ಇಟ್ಟುಕೊಳ್ಳಿ ಎಂದರ್ಥ. ಇಟಾಲಿಯನ್ನಿನ ಅಸ್ಸೂಮೆರೆ ಎಂದರೆ ಮುಖ್ಯವಾಗಿ ಔಷಧಿ, ಆಹಾರವನ್ನು ಸೇವಿಸುವುದು ಅಥವಾ ಕೆಲಸಕ್ಕೆ ತೆಗೆದುಕೊಳ್ಳುವುದು. ಇವೆಂಚುವಲಿ ಎಂದರೆ ಕೊನೆಗೆ. ಎವೆಂತುವಾಲ್ಮೆಂತೆ ಎಂದರೆ ಒಂದು ವೇಳೆ ಬೇಕಾದರೆ. ಜೀವಕೋಶ ಕೊನೆಗೆ ಸಾಯುತ್ತದೆ ಎಂಬ ವಾಕ್ಯವನ್ನು ಸತ್ತರೂ ಸಾಯಬಹುದು ಎಂದು ಓದಿಕೊಂಡರೆ ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ನಡುವಿನ ಗೆರೆಯೇ ಅಳಿಸಿಹೋಗುತ್ತದೆ.

ಈ ವರ್ಷ ನಾನು ಮಕ್ಕಳಿಗೆ ಸಂಗ್ರಹವನ್ನು ಕೊಡುವ ಮೊದಲು ಗ್ರೀಕ್, ಲ್ಯಾಟಿನ್ ಪದಗಳ ಕಾರ್ಡುಗಳನ್ನು ತಡೆಹಿಡಿದು, ಆಮಿದೊ ತಿದ್ದಿ, ಮಿದೊಲ್ಲೊ ಕಾರ್ಡನ್ನು ಮೂರಾಗಿ ಒಡೆದೆ. ಅನಂತರ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಅವರೇ ಅರ್ಥವಾಗದೆ ನಿಂತ ಪದಗಳನ್ನು ಅವರ ಕೈಯಿಂದಲೇ ಸೇರಿಸಿಸಿದೆ. ಲಿವರ್ ಪದದ ಮುಂದೆ ಸುಮ್ಮನೆ ಕುಳಿತಿದ್ದ ಹುಡುಗಿ ಸೇರಿಸಿದ ಮೊದಲ ಕಾರ್ಡು ಶ್ರಿಂಕ್; ಅದರ ಹಿಂದೆ ಅವಳು ಇಟಾಲಿಯನ್ ಪದವನ್ನು ಬರೆಯದೆ, ಉಪ್ಪುನೀರಿನಲ್ಲಿ ಮುದುಡಿದ ರಕ್ತಕಣವೊಂದರ ಚಿತ್ರ ಬಿಡಿಸಿದ್ದಾಳೆ.