ಕಂಪೈಲ್ ಮಧ್ಯೆ ಸಿಸ್ಟಮ್ ಕೈಕೊಡ್ತಿದ್ರೆ ಮೊದಲು ಮೆಮ್‌ಟೆಸ್ಟ್86 ಪ್ಲಸ್ ಓಡಿಸಿ

ಹೆಚ್ಚಿನ ಪ್ರೋಗ್ರಾಮ್‌ಗಳನ್ನು ಸೋರ್ಸ್ ಕೋಡ್‌ನಿಂದ ನಾವೇ ಕಂಪೈಲ್ ಮಾಡಿ, ಅಂದರೆ ಓಡಿಸೋ ರೂಪಕ್ಕೆ ತಂದು, ಹಾಕಿಕೊಳ್ಳೋ ಜೆಂಟೂ ಲಿನಕ್ಸ್ ಬಳಸೋರಿಗೆ ಗೊತ್ತು, ಜಿಸಿಸಿ ಅನ್ನೋ ಕಂಪೈಲರ್ ತಾನೇ ಕಂಪೈಲ್ ಆಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ. ಮುಕ್ಕಾಲು ಮುಗಿದ ಮೇಲೆ ‘ಇಂಟರ್ನಲ್ ಕಂಪೈಲರ್ ಎರರ್: ಸೆಗ್ಮೆಂಟೇಶನ್ ಫಾಲ್ಟ್’ ಬಂದು ನಿಂತರೆ ಹೊಟ್ಟೆ ಉರಿಯುತ್ತೆ. ನನ್ನ ಡೆಸ್ಕ್‌ಟಾಪ್‌ನಲ್ಲಿ ಇದೇ ಕಾಟ. ಒಮ್ಮೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಯಾವುದೋ ಡ್ರೈವರ್ ಫೈಲಲ್ಲಿ, ಇನ್ನೊಮ್ಮೆ ಎಲ್‌ಎಲ್‌ವಿಎಂ ಅನ್ನೋ ಇನ್ನೊಂದು ದೊಡ್ಡ ಕಂಪೈಲರ್ ಪ್ಯಾಕೇಜ್‌ನಲ್ಲಿ. ಅದೇ ಕಮಾಂಡ್ ಮತ್ತೆ ಕೊಟ್ಟರೆ, ನಿಂತಿದ್ದ ಫೈಲು ಸಲೀಸಾಗಿ ದಾಟಿ ಮುಂದೆಲ್ಲೋ ಬೀಳ್ತಿತ್ತು.

ಹೀಗೆ ಜಾಗ ಬದಲಾಗೋದೇ ದೊಡ್ಡ ಸುಳಿವು. ಕೋಡ್‌ನಲ್ಲಿ ದೋಷ ಇದ್ದರೆ ಸಾಮಾನ್ಯವಾಗಿ ಪ್ರತಿ ಸಲ ಅದೇ ಫೈಲು, ಅದೇ ಸಾಲು. ಈ ಎರರ್ ಮರುಕಳಿಸ್ತಿಲ್ಲ, ಬಹುಶಃ ಹಾರ್ಡ್‌ವೇರ್ ಅಥವಾ ಓಎಸ್ ಸಮಸ್ಯೆ ಅಂತ ಜಿಸಿಸಿಯೇ ಕೆಲವು ಸಲ ಬರೆದು ಹೇಳುತ್ತೆ. ಬರೀ ‘ಕಿಲ್ಡ್’ ಅಂತ ಬಂದರೆ ಕತೆ ಬೇರೆ: ಹೆಚ್ಚಾಗಿ ರ‍್ಯಾಮ್ ಸಾಲದೆ ಕರ್ನಲ್ಲೇ ಕಂಪೈಲರನ್ನು ನಿಲ್ಲಿಸಿರುತ್ತೆ. ಆಗ ಒಟ್ಟಿಗೆ ಓಡುವ ಕಂಪೈಲ್ ಜಾಬ್‌ಗಳನ್ನು ಕಮ್ಮಿ ಮಾಡಿದರೆ ಸಾಕು.

ಹಾರ್ಡ್‌ವೇರ್ ಅಂದಾಗ ಮೊದಲ ಅನುಮಾನ ಮೆಮೊರಿ ಮೇಲೆ. ಅದನ್ನು ಪರೀಕ್ಷಿಸೋ ಪ್ರೋಗ್ರಾಮೇ ಮೆಮ್‌ಟೆಸ್ಟ್86 ಪ್ಲಸ್. ಇದು ಉಚಿತ, ಓಪನ್ ಸೋರ್ಸ್. ಪೆನ್ ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು. ಇದರ ಹಳೆಯ 5.01 ಆವೃತ್ತಿ, ಯುಇಎಫ್‌ಐ (ಹಳೆಯ ಬಯಾಸ್ ಜಾಗಕ್ಕೆ ಬಂದ ಹೊಸ ಬೂಟ್ ವ್ಯವಸ್ಥೆ) ಇರೋ ಮೆಷಿನ್‌ಗಳಲ್ಲಿ ನೇರವಾಗಿ ಬೂಟ್ ಆಗ್ತಿರಲಿಲ್ಲ. 2022ರಲ್ಲಿ ಬಂದ 6.00ರಿಂದ ಆ ತಲೆನೋವಿಲ್ಲ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಬೇರೆಯವರ ಪ್ರೋಗ್ರಾಮ್, ಡೌನ್‌ಲೋಡ್ ಮಾಡುವಾಗ ನೋಡ್ಕೊಳ್ಳಿ.

ರಾತ್ರಿ ಓಡೋಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ಪರದೆ ತುಂಬ ಎರರ್ ಸಾಲುಗಳು. ಪ್ರತಿ ಸಾಲಲ್ಲೂ ಮೆಮೊರಿ ವಿಳಾಸ, ಬರೆದ ಮೌಲ್ಯ, ಓದಿದಾಗ ಸಿಕ್ಕ ಮೌಲ್ಯ. ಎರಡಕ್ಕೂ ವ್ಯತ್ಯಾಸ ಒಂದೇ ಒಂದು ಬಿಟ್, ಅದೂ ಎಲ್ಲ ಸಾಲಲ್ಲೂ ಅದೇ ಬಿಟ್! ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆಫ್ ಮಾಡಿ ವೇಗ ಇಳಿಸಿದರೂ ಹೋಗಲಿಲ್ಲ. ಒಂದೊಂದೇ ಮೆಮೊರಿ ಸ್ಟಿಕ್ ಇಟ್ಟು, ಸ್ಲಾಟ್ ಬದಲಿಸಿ ನೋಡಿದೆ. ತಪ್ಪು ಸ್ಲಾಟಿನದಲ್ಲ, ಒಂದು ಸ್ಟಿಕ್‌ನದು. ನಾನು ಮೊಬೈಲಲ್ಲಿ ತೆಗೆದಿದ್ದ ಆ ಪರದೆಯ ಫೋಟೊ ನೋಡಿ, ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡಿನ ಅಂಗಡಿಯವರು ಮರುಮಾತಿಲ್ಲದೆ ವಾರಂಟಿಯಲ್ಲಿ ಬದಲಿಸಿಕೊಟ್ಟರು. ಆಮೇಲೆ ಇಡೀ ಸಿಸ್ಟಮ್ ಮೊದಲಿಂದ ಕಂಪೈಲ್ ಮಾಡಿದೆ, ಎಲ್ಲೂ ನಿಲ್ಲಲಿಲ್ಲ.

ಒಂದು ಮಿತಿ ಇದೆ. ಇದು ಪರೀಕ್ಷಿಸೋದು ಮೆಮೊರಿಯನ್ನು. ಪ್ರೊಸೆಸರ್ ಬಿಸಿಯಾಗೋದು, ಪವರ್ ಸಪ್ಲೈ ಸೊರಗಿರೋದು ಇದರ ಕಣ್ಣಿಗೆ ಬೀಳದೇ ಹೋಗಬಹುದು. ಇಲ್ಲಿ ಪಾಸಾಗಿಯೂ ಕಂಪೈಲ್ ಬಿದ್ದರೆ ಆ ಕಡೆ ಹುಡುಕಿ. ಒಂದೇ ಸುತ್ತಿಗೆ ನಿಲ್ಲಿಸಬೇಡಿ, ಕೆಲವು ದೋಷ ಮೂರು ನಾಲ್ಕು ಸುತ್ತಾದ ಮೇಲೇ ಕಾಣಿಸೋದು. ಹೊಸ ರ‍್ಯಾಮ್ ಹಾಕಿದ ದಿನವೇ ರಾತ್ರಿ ಓಡಿಸಿಬಿಡಿ, ವಾಪಸ್ ಕೊಡೋ ಅವಧಿ ಮುಗಿಯೋಕೆ ಮುಂಚೆ.